ಮಕ್ಕಳ ಮೆರವಣಿಗೆ, ಬೆಟಗೇರಿ ಸೀರೆ

ಕೇಳುಗರಿಗೆಲ್ಲ ನಮಸ್ಕಾರ.

ಮೂರು ವರ್ಷ ನಾರ್ವೆಯ ಆಸ್ಲೋದಲ್ಲಿದ್ದು ಈಗ ಗದಗಿಗೆ ವಾಪಸ್ ಬಂದಿದ್ದೇನೆ. ಅಲ್ಲಿ ಏನೇನು ನೋಡಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಹಿಮ, ಸಮುದ್ರ ಎಲ್ಲ ನೋಡಿದೆ. ಆದರೆ ನನ್ನ ಬಾಯಿಗೆ ಮೊದಲು ಬರುವುದು ಮೇ 17.

ಅದು ಅವರ ಸಂವಿಧಾನದ ದಿನ. 1814ರಲ್ಲಿ ಐಡ್ಸ್‌ವೋಲ್ ಎಂಬಲ್ಲಿ ಸಂವಿಧಾನಕ್ಕೆ ಸಹಿ ಬಿದ್ದ ದಿನ, ದೇಶಕ್ಕೆಲ್ಲ ರಜೆ. ಸೈನಿಕರ ಕವಾಯತು, ದೊಡ್ಡವರ ಭಾಷಣ ಇರುತ್ತೆ, ಟಿವಿಯಲ್ಲಿ ನೋಡಿದರಾಯಿತು ಅಂದುಕೊಂಡಿದ್ದೆ. ಹೊರಗೆ ಹೋಗಿ ನೋಡಿದರೆ ಎಲ್ಲಿ ನೋಡಿದರೂ ಮಕ್ಕಳು! ಒಂದೊಂದು ಶಾಲೆಯದೂ ಒಂದೊಂದು ಬ್ಯಾಂಡು, ಕೈಯಲ್ಲಿ ಪುಟ್ಟ ಬಾವುಟ, ಹುರ್ರಾ ಹುರ್ರಾ ಅಂತ ಕೂಗುತ್ತಾ ಕಾರ್ಲ್ ಯೊಹಾನ್ಸ್ ಬೀದಿ ಹಿಡಿದು ಅರಮನೆವರೆಗೆ ನಡೆಯುತ್ತಾರೆ, ಅಲ್ಲಿ ರಾಜರ ಮನೆಯವರು ಗಂಟೆಗಟ್ಟಲೆ ನಿಂತು ಅವರಿಗೆ ಕೈಬೀಸುತ್ತಾರೆ. ಫಿರಂಗಿಯಿಲ್ಲ, ಟ್ಯಾಂಕಿಲ್ಲ. ನನಗೆ ನಮ್ಮ ಶಾಲೆಯ ಪ್ರಭಾತಫೇರಿ ನೆನಪಾಗಿ ಗಂಟಲು ಕಟ್ಟಿತು.

ಅವತ್ತು ಜನ ಬುನಾಡ್ ಹಾಕುತ್ತಾರೆ. ಉಣ್ಣೆ ಬಟ್ಟೆ, ಕಸೂತಿ, ಎದೆ ಮೇಲೆ ಬೆಳ್ಳಿ ಒಡವೆ. ಬಣ್ಣ, ಕಸೂತಿ ನೋಡಿಯೇ ಇದು ಯಾವ ಸೀಮೆಯದು ಅಂತ ಹೇಳಿಬಿಡುತ್ತಾರೆ. ಎರಡನೇ ವರ್ಷ ನಾನೂ ಸುಮ್ನೆ ಕೂರಲಿಲ್ಲ. ಅವ್ವ ನಮ್ಮ ಬೆಟಗೇರಿ ಮಗ್ಗದಲ್ಲಿ ನೇಯಿಸಿ ಕೊಟ್ಟ ಸೀರೆ ಉಟ್ಟೆ, ಚಳಿಗೆ ಒಳಗೆ ಸ್ವೆಟರ್ ಹಾಕಿಕೊಂಡೆ. ಪಕ್ಕದ ಮನೆ ಅಜ್ಜಿ ಸೆರಗು ಮುಟ್ಟಿ ನೋಡಿ, "ಇದು ಯಾವ ಊರಿನದು?" ಅಂದರು. ಯಾವ ದೇಶದ್ದು ಅಂತ ಕೇಳಲಿಲ್ಲ, ನೋಡಿ. ಬೆಟಗೇರಿ ಅಂದೆ. ಎರಡು ಸಲ ಹೇಳಿ ಕಲಿತುಕೊಂಡರು.

ಆಮೇಲೆ ಅವರ ಕಥೆ ಹೇಳಿದರು. ಜರ್ಮನರ ಸೈನ್ಯ ಆ ದೇಶವನ್ನು ಹಿಡಿದುಕೊಂಡಿದ್ದ ಐದು ವರ್ಷ ಈ ಹಬ್ಬ ಮಾಡುವಂತಿರಲಿಲ್ಲ. 1945ರ ಮೇ 8ಕ್ಕೆ ಬಿಡುಗಡೆ ಸಿಕ್ಕಿತು, ಒಂಬತ್ತೇ ದಿನಕ್ಕೆ ಮೇ 17 ಬಂತು. ಆಗ ಅಜ್ಜಿಗೆ ಆರು ವರ್ಷ. ಅಮ್ಮ ಕೈಗೆ ಬಾವುಟ ಕೊಟ್ಟು ಅತ್ತಿದ್ದು ಯಾಕೆ ಅಂತ ಗೊತ್ತಾಗಿರಲಿಲ್ಲವಂತೆ. ನಿಷೇಧ ಅಂದರೆ ಮಕ್ಕಳ ಕೈಯ ಬಾವುಟವನ್ನೂ ಕಿತ್ತುಕೊಳ್ಳುವುದು, ಅಲ್ವಾ?

ಅವತ್ತು ಎದುರಿಗೆ ಸಿಕ್ಕವರಿಗೆಲ್ಲ "ಗ್ರಾಟುಲೇರರ್ ಮೆ ಡಾಗೆನ್" ಅನ್ನುತ್ತಾರೆ, ಈ ದಿನದ ಶುಭಾಶಯ ಅಂತ. ಪರಿಚಯ ಇರಲಿ, ಬಿಡಲಿ. ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಅನ್ನುವ ನಮ್ಮ ಕಡೆಯವಳಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಈ ವರ್ಷ ಮೇ 17ಕ್ಕೆ ಗದಗಿನಿಂದಲೇ ಅಜ್ಜಿಗೆ ಫೋನ್ ಮಾಡಿದೆ. ಶುಭಾಶಯ ಮೊದಲು ನಾನೇ ಹೇಳಿದೆ. ಆ ಕಡೆ ಬ್ಯಾಂಡು ಕೇಳುತ್ತಿತ್ತು. "ಬೆಟಗೇರಿ ಉಟ್ಟಿದ್ದೀಯಾ?" ಅಂದರು.

ಉಟ್ಟಿದ್ದೆ.