ಅಡ್ವಾನ್ಸ್ ಕೊಡುವ ಮೊದಲು

ಕೇಳುಗ ಬಂಧುಗಳೇ, ನಮಸ್ಕಾರ.

ಗೋವಾದಲ್ಲಿ ಕೆಲಸ ಸಿಕ್ಕಿರುತ್ತದೆ. ಮಗಳಿಗೆ ಸಂಬಂಧ ಬಂದಿರುತ್ತದೆ. ಆಗ ಜನ ಬಂದು, ‘ಪಾಸ್ಟರೇ, ಇದು ದೇವರ ಚಿತ್ತ ಹೌದೋ ಅಲ್ಲವೋ, ಹೇಗೆ ತಿಳಿಯೋದು?’ ಅಂತ ಕೇಳುತ್ತಾರೆ. ನಾನು ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ. ಪ್ರಾರ್ಥನೆ ಮಾಡಿದ್ದು ತೀರ್ಮಾನಕ್ಕೆ ಮೊದಲೋ, ಆಮೇಲೋ? ಹೆಚ್ಚಿನವರು ಸುಮ್ಮನಾಗುತ್ತಾರೆ.

ನನ್ನ ಅಕ್ಕನ ಮಗ ದುಬೈಯಲ್ಲಿ ಆರು ವರ್ಷ ದುಡಿದು ಊರಿಗೆ ಬಂದ. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಹಿಡಿಯುವ ಒಂದು ಹಳೆ ಬೋಟು ಮಾರಾಟಕ್ಕಿತ್ತು. ಎಂಜಿನ್ ಸ್ಟಾರ್ಟ್ ಮಾಡಿಸಿ ನೋಡಿದ, ಹಲಗೆ ತಟ್ಟಿ ನೋಡಿದ, ಬಲೆ ಬಿಡಿಸಿ ನೋಡಿದ. ಅಡ್ವಾನ್ಸ್ ಕೊಟ್ಟ. ಉಳಿದದ್ದಕ್ಕೆ ಸಾಲ ಮಾಡುವುದು ಅಂತ ಇಟ್ಟುಕೊಂಡ. ಅದೆಲ್ಲ ಆದ ಮೇಲೆ ನನ್ನಲ್ಲಿಗೆ ಬಂದು, ‘ಮಾವ, ಒಂದು ಪ್ರಾರ್ಥನೆ ಮಾಡಿ’ ಅಂದ. ‘ಅಪ್ಪನನ್ನು ಕೇಳಿದೆಯಾ?’ ಅಂದೆ. ಇಲ್ಲ. ನಲವತ್ತು ವರ್ಷ ಸಮುದ್ರಕ್ಕೆ ಹೋದ ಮನುಷ್ಯ ಮನೆಯಲ್ಲೇ ಕೂತಿದ್ದಾರೆ!

ಇಬ್ಬರೂ ಹೋದೆವು. ಭಾವ ಲೆಕ್ಕದ ಚೀಟಿಯನ್ನು ಎರಡು ಸಲ ಓದಿದರು. ‘ತಿಂಗಳಿಗೆ ಇಷ್ಟು, ಹನ್ನೆರಡು ತಿಂಗಳಿಗೆ ಇಷ್ಟು ಅಂತ ಬರೆದಿದ್ದೀಯಲ್ಲ. ಹನ್ನೆರಡು ಎಲ್ಲಿಂದ ಬಂತು?’

ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಮೀನಿಗೆ ಹೋಗುವಂತಿಲ್ಲ. ಸಾಲದ ಕಂತಿಗೆ ಮಳೆಗಾಲದ ರಜೆ ಇಲ್ಲ. ಹುಡುಗನಿಗೆ ಇದು ಗೊತ್ತಿರಲಿಲ್ಲವೇ? ಕಾರವಾರದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆಸೆ ಅಡ್ಡ ನಿಂತಾಗ ಗೊತ್ತಿದ್ದದ್ದೂ ಕಾಣೋದಿಲ್ಲ. ವ್ಯವಹಾರ ಬಿಟ್ಟ, ಅಡ್ವಾನ್ಸ್ ಹೋಯಿತು.

ಬೈಬಲಿನಲ್ಲಿ ಯೆಹೋಶುವನ ಪುಸ್ತಕದ 9ನೇ ಅಧ್ಯಾಯ ಓದಿ. ಇಸ್ರಾಯೇಲ್ಯರು ನಾಡು ಗೆಲ್ಲುತ್ತಾ ಬರುವುದಕ್ಕೆ ಹೆದರಿ, ಗಿಬ್ಯೋನ್ ಎಂಬ ಊರಿನವರು ಸವೆದ ಚಪ್ಪಲಿ ಮೆಟ್ಟಿ, ಬೂಷ್ಟು ಹಿಡಿದ ರೊಟ್ಟಿ ಹಿಡಿದು ಬಂದು, ‘ನಾವು ಬಹಳ ದೂರದವರು’ ಅಂದರು. ಇಸ್ರಾಯೇಲ್ಯರು ಆ ರೊಟ್ಟಿ ನೋಡಿದರು, ನಂಬಿದರು, ಒಪ್ಪಂದ ಮಾಡಿಕೊಂಡರು. ದೇವರನ್ನು ಕೇಳಲಿಲ್ಲ. ಮೂರು ದಿನ ಕಳೆದ ಮೇಲೆ ಗೊತ್ತಾಯಿತು, ಅವರು ಅಲ್ಲೇ ನೆರೆಯವರು! ಇವರು ರೊಟ್ಟಿ ನೋಡಿದರು, ನಮ್ಮ ಹುಡುಗ ಎಂಜಿನ್ ನೋಡಿದ. ನೋಡಿದ್ದು ತಪ್ಪಲ್ಲ. ಕೇಳದೇ ಇದ್ದದ್ದು ತಪ್ಪು, ಅಲ್ವಾ?

ಕೇಳೋದು ಅಂದರೆ ಆಕಾಶದಿಂದ ದನಿ ಬರಲಿ ಅಂತ ಕಾಯೋದಲ್ಲ. ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಚನವೇ ಉತ್ತರ ಅನ್ನೋದೂ ಅಲ್ಲ. ದಯವಿಟ್ಟು ಅದನ್ನು ಬಿಡಿ. ಕೇಳೋದು ಅಂದರೆ, ‘ಬೇಡ ಅಂದರೂ ಸರಿ, ಕರ್ತನೇ’ ಅಂತ ಮೊದಲೇ ಹೇಳಿ ಕೂರೋದು. ಆ ‘ಬೇಡ’ ಬಹಳ ಸಲ ಮನೆಯ ಹಿರಿಯರ ಬಾಯಿಂದಲೇ ಬರುತ್ತದೆ.

ಮದುವೆ, ಓದು, ಇವುಗಳ ಬಗ್ಗೆಯೂ ಹೇಳಬೇಕೆಂದಿದ್ದೆ. ಹೊತ್ತಾಯಿತು. ಬೈಬಲಿನ ನೆಹೆಮೀಯನ ಮಾತೊಂದು ಹೇಳಿಬಿಡುತ್ತೇನೆ. ಅವನು ಪರ್ಷಿಯದ ಅರಸನ ಸೇವೆಯಲ್ಲಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಅವನು ಕೇಳಿದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಬಾಯಿ ಬಿಟ್ಟಿದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು, ಪ್ರಾರ್ಥನೆ ಮಾಡಿದ್ದು ಆಗಲೇ. ಅರಸ ‘ಏನು ಬೇಕು?’ ಅಂದಾಗ ಗೋಡೆ ಕಟ್ಟಲು ಎಷ್ಟು ದಿನ, ಯಾರಿಗೆ ಪತ್ರ, ಎಲ್ಲಿಂದ ಮರ, ಎಲ್ಲ ಸಿದ್ಧವಿತ್ತು. ಪ್ರಾರ್ಥನೆ ಮಾಡುವವನು ಲೆಕ್ಕ ಹಾಕಬಾರದು ಅಂತ ಯಾರು ಹೇಳಿದರು?

ಅಕ್ಕನ ಮಗ ಈಗ ಇನ್ನೊಂದು ಬೋಟು ನೋಡಿಟ್ಟಿದ್ದಾನೆ, ಚಿಕ್ಕದು. ಭಾನುವಾರ ಆರಾಧನೆ ಮುಗಿಸಿ ಅಪ್ಪನನ್ನೂ ಕರೆದುಕೊಂಡು ಬಂದರಿಗೆ ಹೋಗುತ್ತಾನಂತೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ನಮಸ್ಕಾರ.