ಅಪ್‌ಗ್ರೇಡ್ ಆದ ಮೇಲೆ ಕಂಪ್ಯೂಟರ್ ಯಾಕೆ ನಿಧಾನ?

ಕೇಳುಗರಿಗೆಲ್ಲಾ ನಮಸ್ಕಾರ.

ಹೋದ ಮದುವೆ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಏಳು ಗಂಟೆಗೇ ನನ್ನ ಫೋನು ಹೊಡೆದುಕೊಂಡಿತು. ಹೊಸನಗರದ ಕಡೆ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಹುಡುಗ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘದ ವರದಿ, ಇಂಥ ಕೆಲಸ ಮಾಡಿ ಮನೆ ನಡೆಸುವವನು. "ಅಣ್ಣಾ, ಮೊನ್ನೆ ರಾತ್ರಿ ಅಪ್‌ಗ್ರೇಡ್ ಆಯ್ತು. ನಿನ್ನೆಯಿಡೀ ಲ್ಯಾಪ್‌ಟಾಪ್ ಅಲುಗಾಡಿಲ್ಲ. ಮೆಮೊರಿ 91 ಪರ್ಸೆಂಟ್ ತೋರಿಸ್ತಿದೆ. ಸಂಜೆಗೆ 300 ಕಾರ್ಡು ಕೊಡಬೇಕು" ಅಂದ. ಪೇಟೆಯ ಒಂದು ಅಂಗಡಿಯವರನ್ನು ಕೇಳಿದ್ದನಂತೆ. ಅವರು ಲ್ಯಾಪ್‌ಟಾಪ್ ಕಣ್ಣಿಂದಲೂ ನೋಡದೆ, "ಅದರ ಕಾಲ ಮುಗೀತು, ಹೊಸದು ತಗೊಳ್ಳಿ" ಅಂದುಬಿಟ್ಟಿದ್ದರು. ಹೊಸದು ಅಂದರೆ 40,000 ರೂಪಾಯಿ. ಅವನ ದನಿ ಗದ್ಗದವಾಗಿತ್ತು.

ನಾನು ಸಾಗರದಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಇಂಥ ಫೋನು ನನಗೆ ಹೊಸದಲ್ಲ. ಆದರೆ ಈಗ ಜಾಸ್ತಿಯಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹಾಗಾಗಿ ಬಹಳ ಜನ ವಿಂಡೋಸ್ 11ಕ್ಕೆ ಹೋದರು, ಹೋಗುತ್ತಲೂ ಇದ್ದಾರೆ. ಹೋದ ಮರುದಿನ ಎಲ್ಲರದೂ ಒಂದೇ ಮಾತು: ಮೆಮೊರಿ ಎಲ್ಲಾ ತಿಂದುಹಾಕಿದೆ. ಇವತ್ತು ಆ ಮಾತಿನ ಬಗ್ಗೆಯೇ ನಿಮ್ಮ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ. ಯಾಕಂದ್ರೆ ಆ ಒಂದು ಅಂಕಿ ನೋಡಿ ಗಾಬರಿಬಿದ್ದು, ಇನ್ನೂ ನಾಲ್ಕೈದು ವರ್ಷ ದುಡಿಯಬಹುದಾದ ಯಂತ್ರವನ್ನು ಮೂಲೆಗೆ ಹಾಕಿದವರನ್ನು ನಾನು ಕಂಡಿದ್ದೇನೆ. ಸಾಲ ಮಾಡಿ ಹೊಸದು ಕೊಂಡವರನ್ನೂ ಕಂಡಿದ್ದೇನೆ.

ಮೊದಲು ಮೆಮೊರಿ ಅಂದರೆ ಏನು ಅಂತ ನೋಡೋಣ. ಒಂದು ದಿನಸಿ ಅಂಗಡಿ ನೆನೆಸಿಕೊಳ್ಳಿ. ಎದುರಿಗೆ ಕಟ್ಟೆ, ಹಿಂದೆ ಗೋದಾಮು. ಕಟ್ಟೆ ಅಂದರೆ ರ‍್ಯಾಮ್. ಗೋದಾಮು ಅಂದರೆ ಹಾರ್ಡ್ ಡಿಸ್ಕ್. ಅಕ್ಕಿ, ಸಕ್ಕರೆ, ಟೀಪುಡಿ ಕೈಗೆ ಸಿಗುವಂತೆ ಮುಂದೆಯೇ ಇರುತ್ತವೆ. ಕಟ್ಟೆ ತುಂಬಾ ಸಾಮಾನು ಇದೆ ಅಂತ ಯಾರಾದರೂ ಅಂಗಡಿ ದಿವಾಳಿ ಎದ್ದಿದೆ ಅನ್ನುತ್ತಾರಾ? ಇಲ್ಲ ಅಲ್ವಾ? ಕಟ್ಟೆ ಖಾಲಿ ಇಟ್ಟುಕೊಂಡು, ಗಿರಾಕಿ ಬಂದಾಗಲೆಲ್ಲಾ ಗೋದಾಮಿಗೆ ಓಡುವವನೇ ನಿಧಾನದ ಅಂಗಡಿಯವನು. ಕಂಪ್ಯೂಟರನ್ನು ನಡೆಸುವ ವಿಂಡೋಸಿನಂಥ ಮೂಲ ಪ್ರೋಗ್ರಾಂ, ಅಂದರೆ ಆಪರೇಟಿಂಗ್ ಸಿಸ್ಟಮ್ ಕೂಡ ಜಾಗ ಇದ್ದಷ್ಟೂ ಸಾಮಾನು ಮುಂದೆ ತಂದಿಡುತ್ತದೆ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಇದು ಜೋರಾಯಿತು. ನೀವು ದಿನಾ ತೆರೆಯುವ ಪ್ರೋಗ್ರಾಂ ಯಾವುದು ಅಂತ ನೋಡಿಟ್ಟುಕೊಂಡು, ನೀವು ಕೇಳುವ ಮೊದಲೇ ತಂದಿಡುವ ಸೌಲಭ್ಯ ಅದರಲ್ಲಿತ್ತು. ಸೂಪರ್‌ಫೆಚ್ ಅಂತ ಅದರ ಹೆಸರು. ಈಗ ಸಿಸ್‌ಮೇನ್ ಅನ್ನುತ್ತಾರೆ.

ತೊಂದರೆ ಬರುವುದು ಕಟ್ಟೆ ತುಂಬಿದಾಗ ಅಲ್ಲ. ತುಂಬಿದ ಕಟ್ಟೆಯಲ್ಲಿ ಇನ್ನೊಂದು ಮೂಟೆ ಇಡಬೇಕಾಗಿ ಬಂದಾಗ. ಆಗ ಇದ್ದುದನ್ನು ಗೋದಾಮಿಗೆ ಸಾಗಿಸಬೇಕು, ಮತ್ತೆ ಬೇಕಾದಾಗ ಹೊತ್ತು ತರಬೇಕು. ಈ ಹೊರುವ ಕೆಲಸಕ್ಕೆ ಡಿಸ್ಕಿನಲ್ಲಿ ಬೇರೆಯದೇ ಒಂದು ಜಾಗ ಇರುತ್ತದೆ, ಪೇಜ್ ಫೈಲ್ ಅಂತ. ಅಲ್ಲಿಗೆ ಓಡಾಟ ಶುರುವಾಯಿತೋ, ಮೌಸ್ ಒತ್ತಿದರೆ ಚಕ್ರ ತಿರುಗುತ್ತಾ ಕೂರುತ್ತದೆ.

ಈ ಓಡಾಟ ತಪ್ಪಿಸಲು 2015ರಲ್ಲಿ ವಿಂಡೋಸ್ 10 ಬಂದಾಗ ಒಂದು ಒಳ್ಳೆಯ ಉಪಾಯ ಮಾಡಿದರು. ನಮ್ಮ ಹಳೇ ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಸುತ್ತಿ ಮೂಲೆಗೆ ಒಟ್ಟುತ್ತಿದ್ದರು, ನೆನಪಿದೆಯಾ? ಹತ್ತು ಜನ ಮಲಗಿದ್ದ ಜಗುಲಿಯಲ್ಲೇ ಹಗಲು ಅಡಿಕೆ ಸುಲಿಯಲು ಜಾಗ ಆಗುತ್ತಿತ್ತು. ಹಾಸಿಗೆಯನ್ನು ಅಟ್ಟಕ್ಕೆ ಹೊರಲಿಲ್ಲ, ಸುತ್ತಿಟ್ಟರು ಅಷ್ಟೇ. ಹಾಗೆಯೇ, ಸದ್ಯಕ್ಕೆ ಬೇಡವಾದುದನ್ನು ಡಿಸ್ಕಿಗೆ ಕಳಿಸುವ ಮೊದಲು ಮೆಮೊರಿಯಲ್ಲೇ ಒತ್ತಿ ಚಿಕ್ಕದು ಮಾಡಿ ಇಡುವುದು. ಮೆಮೊರಿ ಕಂಪ್ರೆಶನ್ ಅಂತಾರೆ. ಆದರೆ ಮೊದಮೊದಲು ಹಾಗೆ ಸುತ್ತಿಟ್ಟ ಗಂಟೆಲ್ಲಾ, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯಲ್ಲಿ "ಸಿಸ್ಟಮ್" ಅನ್ನುವ ಒಂದೇ ಹೆಸರಿನ ಲೆಕ್ಕಕ್ಕೆ ಬರುತ್ತಿತ್ತು. ಒಂದು ಜಿಬಿ, ಒಂದೂವರೆ ಜಿಬಿ ಕಾಣುತ್ತಿತ್ತು. ಜನ ಹೆದರಿದರು. ವೈರಸ್ ಅಂದುಕೊಂಡು ನನ್ನ ಹತ್ತಿರ ತಂದವರು ಎಷ್ಟೋ ಜನ. ಆಮೇಲೆ ಆ ಲೆಕ್ಕವನ್ನು ಬೇರೆ ಮಾಡಿದರು. ಜಾಗ ಉಳಿಸಲು ಮಾಡಿದ ಕೆಲಸವೇ ಜಾಗ ತಿಂದಂತೆ ಕಂಡಿತ್ತು, ನೋಡಿ.

ಹಾಗಂತ ಹೊಸ ಸಿಸ್ಟಮ್ ಹೆಚ್ಚು ಮೆಮೊರಿ ಕೇಳುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೇಳುತ್ತದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಕಡಿಮೆ ಅಂದರೆ 64 ಎಂಬಿ ಸಾಕು ಅಂದಿದ್ದರು. 2021ರ ವಿಂಡೋಸ್ 11ಕ್ಕೆ ಕಡಿಮೆ ಅಂದರೆ 4 ಜಿಬಿ, ಎಂಬಿ ಲೆಕ್ಕದಲ್ಲಿ 4,096. ಇಪ್ಪತ್ತು ವರ್ಷದಲ್ಲಿ 64 ಪಟ್ಟು. ಈ "ಕಡಿಮೆ ಅಂದರೆ" ಅನ್ನುವ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಿ. ಅದು ಸಿಸ್ಟಮ್ ಎದ್ದು ಕೂರಲು ಬೇಕಾದ ಅಳತೆ. ನೀವು ಬ್ರೌಸರಿನಲ್ಲಿ ಹತ್ತು ಪುಟ ತೆರೆದು, ಪಕ್ಕದಲ್ಲಿ ಫೋಟೋಶಾಪ್ ಇಟ್ಟುಕೊಂಡು ಕೆಲಸ ಮಾಡುವ ಅಳತೆ ಅಲ್ಲ. ಜೊತೆಗೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪರದೆಯ ಕೆಲಸಕ್ಕೂ ಅದೇ ಮೆಮೊರಿಯಿಂದಲೇ ಪಾಲು ಹೋಗುತ್ತದೆ.

ಈಗ ಆ ಹುಡುಗನ ಲ್ಯಾಪ್‌ಟಾಪಿಗೆ ಬರುತ್ತೇನೆ. ಹತ್ತು ಗಂಟೆಯ ಬಸ್ಸಿಗೆ ಬಂದ. ಮೊದಲು 300 ಕಾರ್ಡನ್ನು ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ ಮುಗಿಸು ಅಂದೆ. ಕನ್ನಡ ಟೈಪಿಂಗಿನ ನುಡಿ ಇತ್ತು, ಕಾರ್ಡು ವಿನ್ಯಾಸದ ಕೋರಲ್‌ಡ್ರಾ ಇತ್ತು, ಕೆಲಸ ಆಯಿತು. ಆಮೇಲೆ ಅವನ ಯಂತ್ರ ತೆರೆದೆವು. 2019ರಲ್ಲಿ ಕೊಂಡದ್ದು. ಎಂಟನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಕೊಳ್ಳುತ್ತಿದ್ದುದು ಅದನ್ನೇ.

ನಿಮ್ಮ ಹತ್ತಿರ ಪೆನ್ನಿದ್ದರೆ ಇದನ್ನು ಬರೆದುಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್, ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಕಡೆ ಹೋಗಿ. ಎಲ್ಲರೂ ಅಲ್ಲಿ ಮೆಮೊರಿಯನ್ನೇ ನೋಡುತ್ತಾರೆ. ನೀವು ಡಿಸ್ಕ್ ಮೇಲೆ ಒತ್ತಿ. ಆ್ಯವರೇಜ್ ರೆಸ್ಪಾನ್ಸ್ ಟೈಮ್ ಅಂತ ಒಂದು ಸಾಲು ಇರುತ್ತದೆ. ಕೇಳಿದ್ದಕ್ಕೆ ಡಿಸ್ಕು ಎಷ್ಟು ಹೊತ್ತಿಗೆ ಓಗೊಡುತ್ತದೆ ಅನ್ನುವ ಲೆಕ್ಕ, ಮಿಲಿಸೆಕೆಂಡಿನಲ್ಲಿ. ಇವನದರಲ್ಲಿ 1,800 ಇತ್ತು. ಅಂದರೆ ಒಂದೊಂದು ಕೋರಿಕೆಗೆ ಹತ್ತಿರ ಹತ್ತಿರ ಎರಡು ಸೆಕೆಂಡು! ಪ್ರೊಸೆಸರ್ ಮಾತ್ರ 12 ಪರ್ಸೆಂಟಿನಲ್ಲಿ ಸುಮ್ನೆ ಕೂತಿತ್ತು. ಲ್ಯಾಪ್‌ಟಾಪಿನ ಎಡಗಡೆ ಕಿವಿ ಇಟ್ಟರೆ ಡಿಸ್ಕಿನ ಕರಕರ ಸದ್ದು ಒಂದೇ ಸಮ ಕೇಳುತ್ತಿತ್ತು.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90. ಒಳಗೆ ಒಂದು ಮುಳ್ಳು ಆ ತಟ್ಟೆಯ ಮೇಲೆ ಬೇಕಾದ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರುವ ತನಕ ಕಾಯಬೇಕು. ಚೂರು ಚೂರಾಗಿ ಅಲ್ಲಿಂದಿಲ್ಲಿಂದ ಓದಬೇಕಾದಾಗ ಸೆಕೆಂಡಿಗೆ ನೂರು ಸಲ ಓದಿದರೆ ಅದೇ ದೊಡ್ಡದು. ಹಾರ್ಡ್ ಡಿಸ್ಕಿನ ಬದಲು ಈಗ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದು ಸೆಕೆಂಡಿಗೆ ಸಾವಿರಾರು ಸಲ ಓದುತ್ತದೆ.

ಅಪ್‌ಗ್ರೇಡ್ ಆದ ಮೊದಲ ಒಂದೆರಡು ದಿನ ಒಳಗೆ ಏನೇನು ನಡೆಯುತ್ತದೆ ಗೊತ್ತಾ? ಹುಡುಕಾಟಕ್ಕೆ ಬೇಕಾದ ಫೈಲುಗಳ ಪಟ್ಟಿ ಹೊಸದಾಗಿ ತಯಾರಾಗುತ್ತಿರುತ್ತದೆ. ವೈರಸ್ ಕಾವಲಿನ ಪ್ರೋಗ್ರಾಂ ಎಲ್ಲವನ್ನೂ ಮತ್ತೆ ತಪಾಸಣೆ ಮಾಡುತ್ತಿರುತ್ತದೆ. ಆ್ಯಪ್‌ಗಳು, ಪ್ರಿಂಟರ್, ಪರದೆ ಮುಂತಾದ ಭಾಗಗಳನ್ನು ನಡೆಸುವ ಡ್ರೈವರ್ ಪ್ರೋಗ್ರಾಂಗಳು ಇಳಿಯುತ್ತಿರುತ್ತವೆ. ಎಲ್ಲದಕ್ಕೂ ಆ ಒಂದೇ ಮುಳ್ಳು ಓಡಬೇಕು. ಹುಡುಗ ಬೇಸತ್ತು ಒಂದೇ ದಿನದಲ್ಲಿ ಹತ್ತು ಸಲ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ದ. ಪ್ರತಿ ಸಲವೂ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಮನೆ ಬದಲಾಯಿಸಿದ ಮೊದಲ ದಿನವೇ ಹೋಳಿಗೆ ಊಟ ಸಿಗುತ್ತದೆಯೇ? ಚಾರ್ಜರ್ ಸಿಕ್ಕಿಸಿ, ಸ್ಲೀಪ್ ಆಗದಂತೆ ಮಾಡಿ, ಒಂದು ಇಡೀ ರಾತ್ರಿ ಬಿಟ್ಟುಬಿಡಿ. ನೀವು ಮಾಡಬೇಕಾದ ಮೊದಲ ಕೆಲಸ ಇದೇ. ಇದಕ್ಕೆ ಕಾಸಿನ ಖರ್ಚಿಲ್ಲ.

ನಾನೂ ಹಾಗೇ ಮಾಡಿದೆ. ಬೆಳಿಗ್ಗೆ ನೋಡಿದರೆ 1,800 ಇದ್ದದ್ದು 200ರ ಆಸುಪಾಸಿಗೆ ಇಳಿದಿತ್ತು. ಇನ್ನೂ ಜಾಸ್ತಿಯೇ, ಆದರೆ ಯಂತ್ರ ಮಾತು ಕೇಳುತ್ತಿತ್ತು. ಸ್ಟಾರ್ಟ್‌ಅಪ್ ಪಟ್ಟಿ ತೆರೆದೆ. ಲ್ಯಾಪ್‌ಟಾಪ್ ಎದ್ದ ಕೂಡಲೇ ತಾವೂ ಏಳುವ ಪ್ರೋಗ್ರಾಂಗಳು ಹದಿನಾಲ್ಕು. ಪ್ರಿಂಟರಿನವು ಎರಡು, ಯಾವುದೋ ಮೀಟಿಂಗಿಗೆ ಒಮ್ಮೆ ಹಾಕಿಕೊಂಡದ್ದು, ಹಾಡಿನದು, ಬ್ರೌಸರಿನದು. ಮೇಲಾಗಿ ಎರಡೆರಡು ಆ್ಯಂಟಿವೈರಸ್. ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರು ನಿಂತು, ಬಂದವರನ್ನೆಲ್ಲಾ ಇಬ್ಬರೂ ತಡೆದು ವಿಚಾರಿಸಿದ ಹಾಗೆ. ಒಂದನ್ನು ತೆಗೆದೆ. ಹದಿನಾಲ್ಕರಲ್ಲಿ ಹತ್ತನ್ನು ನಿಲ್ಲಿಸಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರ‍್ಯಾಮ್ ಕ್ಲೀನರ್, ಮೆಮೊರಿ ಬೂಸ್ಟರ್ ಅಂತ ಬರುವುದನ್ನೆಲ್ಲಾ ದಯವಿಟ್ಟು ಹಾಕಿಕೊಳ್ಳಬೇಡಿ. ಅವು ಕಟ್ಟೆಯ ಮೇಲಿದ್ದ ಸಾಮಾನನ್ನು ಬಲವಂತವಾಗಿ ಒಳಗೆ ತಳ್ಳುತ್ತವೆ. ಅಂಕಿ ಇಳಿಯುತ್ತದೆ, ನಿಮಗೆ ಸಮಾಧಾನ ಆಗುತ್ತದೆ. ಮರುಕ್ಷಣ ಅದೇ ಸಾಮಾನು ಬೇಕಾಗಿ ಮತ್ತೆ ಹೊತ್ತು ತರಬೇಕು. ಇನ್ನು ಕೆಲವರು ಪೇಜ್ ಫೈಲನ್ನೇ ಬಂದ್ ಮಾಡಿ ಅಂತ ಸಲಹೆ ಕೊಡುತ್ತಾರೆ. ಹಾಗೆ ಮಾಡಿದರೆ ಕಡಿಮೆ ರ‍್ಯಾಮ್ ಇರುವ ಯಂತ್ರದಲ್ಲಿ ಕೆಲಸದ ನಡುವೆಯೇ ಪ್ರೋಗ್ರಾಂ ಮುಚ್ಚಿಕೊಂಡು ಹೋಗುತ್ತದೆ. ಸೇವ್ ಮಾಡದ ಕೆಲಸವೂ ಅದರ ಜೊತೆಗೇ ಹೋಗುತ್ತದೆ.

ನಿಜವಾಗಿಯೂ ಮೆಮೊರಿ ಸೋರುವುದೂ ಉಂಟು. ಅದನ್ನು ಗುರುತಿಸುವ ಬಗೆ ಬೇರೆ. ಬೆಳಿಗ್ಗೆ ಸರಿ ಇದ್ದು, ನೀವು ಏನೂ ಹೊಸದು ತೆರೆಯದಿದ್ದರೂ ಗಂಟೆಗಂಟೆಗೂ ಏರುತ್ತಾ ಹೋಗುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದ ಕೆಳಗೆ ನಾನ್‌ಪೇಜ್ಡ್ ಪೂಲ್ ಅಂತ ಇರುತ್ತದೆ. ಅದು ಕೆಲವು ನೂರು ಎಂಬಿ ಇದ್ದರೆ ಚಿಂತೆ ಇಲ್ಲ. ಜಿಬಿಗಟ್ಟಲೆ ಆಗಿದ್ದರೆ ಯಾವುದೋ ಡ್ರೈವರ್ ತೆಗೆದುಕೊಂಡ ಮೆಮೊರಿಯನ್ನು ವಾಪಸ್ ಕೊಡುತ್ತಿಲ್ಲ ಅಂತ ಅರ್ಥ. ಹಳೇ ಸಿಸ್ಟಮ್‌ಗೆ ಬರೆದ ಡ್ರೈವರ್ ಹೊಸದರಲ್ಲೂ ಮುಂದುವರಿದಾಗ ಹೀಗೆ ಆಗುವುದುಂಟು. ಯಂತ್ರ ಮಾಡಿದವರ ತಾಣದಿಂದ ಹೊಸ ಡ್ರೈವರ್ ಹಾಕಿ.

"ನಾನು ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಲ್ಲ, ಆದ್ರೂ ಯಾಕೆ ಸೋರಿದ್ದು ಹಾಗೇ ಇರುತ್ತೆ?" ಅಂತ ಒಬ್ಬ ಮೇಡಂ ಕೇಳಿದ್ದರು. ಬಹಳ ಒಳ್ಳೆಯ ಪ್ರಶ್ನೆ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಒಂದು ಬಂದಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಸಿಸ್ಟಮ್ಮಿನ ಒಳತಿರುಳು, ಡ್ರೈವರ್‌ಗಳ ಸಮೇತ, ಇದ್ದ ಹಾಗೇ ಡಿಸ್ಕಿಗೆ ಬರೆದಿಡಲ್ಪಡುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿ ತರುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗ. ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಮಾಡಿ.

ಹಾಗೆಯೇ, ಅಪ್‌ಗ್ರೇಡ್ ಆದ ಹತ್ತು ದಿನದೊಳಗೆ ಹಳೇ ವಿಂಡೋಸಿಗೆ ವಾಪಸ್ ಹೋಗಲು ದಾರಿ ಇರುತ್ತದೆ. ಅದಕ್ಕಾಗಿ ಹಳೆಯದನ್ನು ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರಿನಲ್ಲಿ ಇಟ್ಟಿರುತ್ತಾರೆ. ಜಾಗ ತಿನ್ನುತ್ತದೆ ಅಂತ ಮೊದಲ ದಿನವೇ ಅಳಿಸಬೇಡಿ. ಹತ್ತು ದಿನ ಕೆಲಸ ಮಾಡಿ ನೋಡಿ, ನಿಮ್ಮ ಪ್ರಿಂಟರ್, ನಿಮ್ಮ ಕನ್ನಡ ಫಾಂಟು ಎಲ್ಲಾ ಸರಿ ಇದೆಯಾ ಅಂತ.

ಇನ್ನು ಖರ್ಚಿನ ವಿಷಯ. ಕೈಯಲ್ಲಿ ದುಡ್ಡು ಒಂದಕ್ಕೇ ಇದ್ದರೆ, ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ನಾನು ಮೊದಲು ಎಸ್‌ಎಸ್‌ಡಿ ಹಾಕಿಸಿ ಅನ್ನುತ್ತೇನೆ, ಆಮೇಲೆ ರ‍್ಯಾಮ್. ಕಟ್ಟೆ ಚಿಕ್ಕದಿದ್ದರೂ ಗೋದಾಮು ಪಕ್ಕದಲ್ಲೇ ಇದ್ದರೆ ವ್ಯಾಪಾರ ನಡೆಯುತ್ತದೆ. ಹುಡುಗನಿಗೆ ಎರಡೂ ಹಾಕಿದೆ. ಅವನ ಚಿಕ್ಕಪ್ಪ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 4 ಜಿಬಿಯ ಒಂದು ರ‍್ಯಾಮ್ ಪಟ್ಟಿ ಕಳಿಸಿದರು, ಬಳಸಿದ್ದು. ಹಾಕಿದರೆ ಪರದೆಯೇ ಬರಲಿಲ್ಲ. ಹುಡುಗನ ಮುಖ ಬಾಡಿತು. ತೆಗೆದು, ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಅಂಚಿನ ಹೊಂಬಣ್ಣದ ಗೆರೆಗಳನ್ನು ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿದೆ. ರಬ್ಬರ್ ಕಪ್ಪಾಯಿತು. ನಮ್ಮ ಮಳೆಗಾಲದ ತೇವಕ್ಕೆ ಇದು ಮಾಮೂಲು. ಬ್ರಷ್ಷಿನಿಂದ ಪುಡಿ ಕೊಡವಿ, ಓರೆಯಾಗಿ ಸಿಕ್ಕಿಸಿ, ಎರಡೂ ಕಡೆಯ ಕೊಂಡಿ ಟಕ್ ಅನ್ನುವ ತನಕ ಒತ್ತಿದೆ. ಪರದೆ ಬಂತು. 8 ಜಿಬಿ ತೋರಿಸಿತು.

ವಾರ ಬಿಟ್ಟು ಹುಡುಗ ಮತ್ತೆ ಫೋನು ಮಾಡಿದ. "ಅಣ್ಣಾ, ಮೆಮೊರಿ ಈಗ 5.6 ಜಿಬಿ ತೋರಿಸ್ತಿದೆ. ಮೊದಲು ಇದ್ದದ್ದೇ 4 ಅಲ್ವಾ? ಮೊದಲಿಗಿಂತ ಜಾಸ್ತಿ ತಿಂತಿದೆಯಲ್ಲ?" ಅಂದ. ಕಟ್ಟೆ ದೊಡ್ಡದಾಗಿದೆ, ಅದಕ್ಕೇ ಜಾಸ್ತಿ ಸಾಮಾನು ಮುಂದೆ ತಂದಿಟ್ಟಿದೆ ಅಂತ ಹೇಳಿದೆ. ಡಿಸ್ಕಿನ ಸಾಲು ನೋಡು ಅಂದೆ. ಸ್ವಲ್ಪ ತಡೆದು, "ಅರ್ಧ ಮಿಲಿಸೆಕೆಂಡು" ಅಂದ. ಅವನ ಹಿಂದೆ ಪ್ರಿಂಟರ್ ಒಂದರ ಹಿಂದೊಂದು ಕಾರ್ಡು ಎಳೆದುಕೊಳ್ಳುತ್ತಿದ್ದ ಸದ್ದು ಫೋನಿನಲ್ಲೇ ಕೇಳುತ್ತಿತ್ತು.

ನಮಸ್ಕಾರ.