ಯಕ್ಷಗಾನದ ಹುಚ್ಚು ಹಿಡಿದವರ ಋಣ

ಕೇಳುಗರಿಗೆಲ್ಲ ನಮಸ್ಕಾರ.

ಸಿನಿಮಾದವರಿಗೆ, ಕ್ರಿಕೆಟಿನವರಿಗೆ ಅಭಿಮಾನಿಗಳಿರುವುದು ಎಲ್ಲರಿಗೂ ಗೊತ್ತು. ನಾನು ಯಕ್ಷಗಾನದ ಅಭಿಮಾನಿ, ಅದರಲ್ಲೂ ತೆಂಕುತಿಟ್ಟಿನವನು, ಅಂದರೆ ದಕ್ಷಿಣದ ಕಡೆಯ ಶೈಲಿಯವನು. ಕಲಾವಿದರನ್ನು ಹೊಗಳುವ ಭಾಷಣಗಳು ಬೇಕಾದಷ್ಟು ಆಗಿವೆ. ಒಬ್ಬ ಅಭಿಮಾನಿ ಯಾರ್ಯಾರ ಋಣದಲ್ಲಿರುತ್ತಾನೆ ಅಂತ ಇವತ್ತು ಹೇಳುತ್ತೇನೆ. ಅವರಲ್ಲಿ ವೇಷ ಕಟ್ಟದವರೇ ಜಾಸ್ತಿ.

ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಆಡಿಸುವ ಮನೆಯವರನ್ನೇ ತೆಗೆದುಕೊಳ್ಳಿ. ಧರ್ಮಸ್ಥಳ, ಕಟೀಲು ಮೇಳಗಳದ್ದು, ಅಂದರೆ ಆ ಕ್ಷೇತ್ರಗಳ ತಂಡಗಳದ್ದು, ಹರಕೆಯ ಆಟ. ಮಗುವಿಗೆ ಹುಷಾರಾಗಲಿ ಅಂತಲೋ, ಅರ್ಧಕ್ಕೆ ನಿಂತ ಮನೆ ಏಳಲಿ ಅಂತಲೋ ಯಾರೋ ಹರಕೆ ಹೊತ್ತಿರುತ್ತಾರೆ. ಕಟೀಲಿನ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಅಂತೂ ಅವರ ಸರದಿ ಬಂದ ರಾತ್ರಿ ನಾನು ಹೋಗಿ ಆರಾಮಾಗಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಟಿಕೆಟ್ ಇಲ್ಲ. ನೀವ್ಯಾರು ಅಂತ ಯಾರೂ ಕೇಳುವುದಿಲ್ಲ. ಊಟ ಆಯ್ತಾ ಅಂತ ಮಾತ್ರ ಕೇಳುತ್ತಾರೆ!

ಆಮೇಲೆ ಚೌಕಿ, ವೇಷ ಕಟ್ಟುವ ಜಾಗ. ಅಲ್ಲಿಗೆ ನಮ್ಮಂಥವರೂ ಹೋಗಬಹುದು, ಅಡ್ಡ ಬರದಿದ್ದರೆ ಆಯ್ತು. ರಾಕ್ಷಸರಂಥ ಬಣ್ಣದ ವೇಷದವರು ಕನ್ನಡಿ ಹಿಡಿದು ಕೂತು ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರೆ. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಒಂದೊಂದೇ ಮುಳ್ಳಿನ ಹಾಗೆ ಮುಖದ ಮೇಲೆ ಚುಟ್ಟಿ, ಅಂದರೆ ಬಿಳಿ ಉಬ್ಬು ಚುಕ್ಕಿ, ಇಡುವ ಕೆಲಸ. ಗಂಟೆಗಟ್ಟಲೆ ಹಿಡಿಯುತ್ತೆ. ಪಕ್ಕದಲ್ಲಿ ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತಿರುತ್ತವೆ. ಮುಂದೆ ಅದೇ ಮನುಷ್ಯ ಮಹಿಷಾಸುರನಾಗಿ, ದೊಂದಿಗಳ ನಡುವೆ, ರಾಳದ ಬೆಂಕಿ ಭಗ್ಗೆನ್ನುವಾಗ ಜನರ ಮಧ್ಯದಿಂದಲೇ ಆರ್ಭಟಿಸುತ್ತಾ ಬರುತ್ತಾನೆ. ಚೌಕಿಯಲ್ಲಿ ನಿಂತು ನೋಡಿದ ಮಗುವೇ ಆಗ ಅಮ್ಮನ ಸೆರಗಿನೊಳಗೆ!

ನಲವತ್ತು ಸಲ ನೋಡಿದ ಪ್ರಸಂಗವನ್ನು, ಅಂದರೆ ಅದೇ ಕಥೆಯನ್ನು, ಮತ್ತೆ ಯಾಕೆ ನೋಡ್ತೀರಿ ಅಂತ ಮನೆಯಲ್ಲಿ ಕೇಳುತ್ತಾರೆ. ಪ್ರಸಂಗ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅದರ ಅರ್ಥ, ಅಂದರೆ ಮಾತು, ರಂಗಸ್ಥಳದಲ್ಲೇ ಹುಟ್ಟಬೇಕು. ಕರ್ಣ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ರಥದಿಂದ ಇಳಿದು ಹೋಗುವ ಸಾರಥಿ ಶಲ್ಯ ಇವತ್ತು ಏನು ಹೇಳಿ ಹೋಗುತ್ತಾನೆ ಅಂತ ಕರ್ಣನಿಗೂ ಗೊತ್ತಿರುವುದಿಲ್ಲ. ಶಲ್ಯ ಗಟ್ಟಿಯಾಗಿ ಕೆಣಕಿದರೆ ಕರ್ಣನ ಮಾತು ಎಲ್ಲಿಗೋ ಏರುತ್ತೆ. ಚಪ್ಪಾಳೆ ಕರ್ಣನಿಗೇ ಬೀಳುತ್ತೆ ಅನ್ನಿ. ನನ್ನ ಅರ್ಧ ಚಪ್ಪಾಳೆ ಯಾವತ್ತೂ ಶಲ್ಯನಿಗೆ.

ಎಲ್ಲಕ್ಕಿಂತ ದೊಡ್ಡ ಋಣ ಟೇಪ್ ರೆಕಾರ್ಡರ್ ಹೊತ್ತು ತಂದವರದ್ದು. ಬಡಗಿನ, ಅಂದರೆ ಉತ್ತರದ ಕಡೆಯ ತಿಟ್ಟಿನ, ಭಾಗವತರಾದ (ಹಾಡುಗಾರರಾದ) ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಅವರು ಹೋದ ಮೇಲೆ ಹುಟ್ಟಿದವರೂ ಇವತ್ತು ಅವರ ಕಟ್ಟಾ ಅಭಿಮಾನಿಗಳು. ಕ್ಯಾಸೆಟ್ ಇಲ್ಲದಿದ್ದರೆ ಇದು ಆಗುತ್ತಿತ್ತಾ? ಆ ಕಾಲದಲ್ಲಿ ರಂಗಸ್ಥಳದ ಹತ್ತಿರ ಟೇಪ್ ಇಟ್ಟು ಕೂತವರು ಎಷ್ಟೋ ಜನ. ಅವರ ಕ್ಯಾಸೆಟ್ಟುಗಳಲ್ಲಿ ಚೆಂಡೆಯ ಅಬ್ಬರಕ್ಕೆ ಪದ ಮುಳುಗುತ್ತೆ. ಯಾರೋ ಕೆಮ್ಮುತ್ತಾರೆ, ಎಲ್ಲೋ ಮಗು ಅಳುತ್ತೆ. ಒಳ್ಳೆಯ ಪದ ಏರುವಾಗಲೇ ಸೈಡ್ ಮುಗಿದು ಕಟಕ್ ಅನ್ನುತ್ತೆ. ತಿರುಗಿಸಿ ಹಾಕುವಷ್ಟರಲ್ಲಿ ಎರಡು ಸಾಲು ಹೋಗಿರುತ್ತೆ. ಪಾಪ, ಅವರು ಆ ರಾತ್ರಿಯ ಆಟವನ್ನು ನೆಮ್ಮದಿಯಾಗಿ ನೋಡಿರಲಿಕ್ಕಿಲ್ಲ, ಕಣ್ಣೆಲ್ಲ ಟೇಪಿನ ಮೇಲೆ. ಈಗ ಮೊಬೈಲ್ ಎತ್ತಿ ಹಿಡಿದು ನನ್ನ ಮುಂದೆ ನಿಲ್ಲುವವರನ್ನು ಕಂಡರೆ ಸಿಟ್ಟು ಬರುತ್ತೆ, ನಿಜ. ಮರುದಿನ ಆ ವಿಡಿಯೊವನ್ನು ಹುಡುಕಿ ನೋಡುವವನೂ ನಾನೇ. ಮುಂಬೈಯಲ್ಲೋ ದುಬೈಯಲ್ಲೋ ಇರುವ ನಮ್ಮೂರಿನವರಿಗಂತೂ ಅದೇ ಆಟ.

ಜಗಳಕ್ಕೆ ಒಬ್ಬರು ಬೇಕು. ನನಗೆ ಬಾವ ಇದ್ದಾರೆ. ಹೊನ್ನಾವರದ ಕಡೆಯವರು, ಬಡಗು ಬಿಟ್ಟರೆ ಬೇರೆ ಆಟವೇ ಇಲ್ಲ ಅನ್ನುವವರು. ನಮ್ಮ ಧೀಂಗಿಣ, ಅಂದರೆ ಗಿರಗಿರನೆ ಸುತ್ತುವ ಕುಣಿತ ನೋಡಿ, "ಸುಮ್ನೆ ಯಾಕೆ ಹಾಗೆ ತಿರುಗೋದು?" ಅಂತ ಕೆಣಕುತ್ತಾರೆ. 2012ರಲ್ಲಿ ಬಡಗಿನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದಾಗ, ತಮಗೇ ಬಂದ ಹಾಗೆ ಮಾತಾಡಿದರು. ನಾನೂ ಆ ಒಂದು ದಿನ ತಿಟ್ಟು ಮರೆತಿದ್ದೆ. ಚಿಟ್ಟಾಣಿಯವರ ಭಸ್ಮಾಸುರನನ್ನು ಹೊಗಳಲು ತಿಟ್ಟು ಯಾಕೆ ಬೇಕು, ಅಲ್ವಾ?

ಮೇ ಕೊನೆಯಲ್ಲಿ ಪತ್ತನಾಜೆ ಬರುತ್ತೆ, ತಿರುಗಾಟ ಮುಗಿಯುವ ದಿನ. ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಳೆಯುವುದು ಹೇಗೆ ಅನ್ನುವ ಚಿಂತೆಗೆ ತಾಳಮದ್ದಳೆ ಇದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದಷ್ಟೇ. ಆಕಾಶವಾಣಿಯಲ್ಲೂ ಅದನ್ನು ಕೇಳಿ ಬೆಳೆದವರು ನಾವು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನೆಗಳಲ್ಲೇ ಕಟ್ಟಿಹಾಕುವಾಗ ಹೊರಗಿನ ಮಳೆ ಯಾರಿಗೂ ಕೇಳುವುದಿಲ್ಲ. ಮುಗಿದ ಮೇಲೆ ಬಾವ ರಾಮನ ಪರ, ನಾನು ವಾಲಿಯ ಪರ. ಕೊನೆಯ ಬಸ್ಸು ಹೋಗಿರುತ್ತೆ, ರಿಕ್ಷಾ ಹಿಡಿದರೂ ವಾದ ನಿಲ್ಲುವುದಿಲ್ಲ. ಮೊನ್ನೆ ರಿಕ್ಷಾದವರು ಹಿಂದೆ ತಿರುಗಿ, "ಅಣ್ಣ, ತಪ್ಪು ರಾಮನದ್ದೇ" ಅಂದರು. ಬಾವ ಆಮೇಲೆ ಅವರ ಹತ್ತಿರ ಚಿಲ್ಲರೆಯನ್ನೂ ಕೇಳಲಿಲ್ಲ.

ನಮಸ್ಕಾರ.